ಪೆಟ್ಟಿಗೆ ಹೆಚ್ಚಾದರೆ ನಸರಿ ಜೇನು ಉಳಿಯುತ್ತದೆಯೇ? ಗದಗ ಸೀಮೆಯ ಹಳೆ ಗೋಡೆಗಳು ಹೇಳುವ ಲೆಕ್ಕ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೇನಿನ ಬಗ್ಗೆ ಮೂರು ಬಗೆಯ ಸಂದೇಶಗಳು ಮತ್ತೆ ಮತ್ತೆ ಸುತ್ತುತ್ತಿರುತ್ತವೆ. ಒಂದು, ಜೇನು ಅಳಿದರೆ ಮನುಷ್ಯ ನಾಲ್ಕೇ ವರ್ಷ ಬದುಕುತ್ತಾನೆ ಎನ್ನುವುದು. ಎರಡು, ಕುಟುಕದ ಪುಟ್ಟ ಜೇನಿನ ತುಪ್ಪ ಸಕ್ಕರೆ ಕಾಯಿಲೆಗೆ ರಾಮಬಾಣ ಎನ್ನುವುದು. ಮೂರು, ಕುಟುಕದ ಜೇನಿನ ಒಂದು ಪೆಟ್ಟಿಗೆ ತರಿಸಿ ಮನೆಯಲ್ಲಿಟ್ಟುಕೊಂಡರೆ ಆ ತಳಿಯನ್ನು ಉಳಿಸಿದಂತೆ ಎನ್ನುವುದು.

ಮೂರರಲ್ಲೂ ಒಂದಿಷ್ಟು ನಿಜವಿದೆ, ಒಂದಿಷ್ಟು ಅತಿಶಯವಿದೆ. ಮೊದಲೆರಡನ್ನು ನಂಬಿದರೆ ಆಗುವ ನಷ್ಟ ನಮಗೆ. ಮೂರನೆಯದನ್ನು ಕಣ್ಣುಮುಚ್ಚಿ ನಂಬಿದರೆ ನಷ್ಟವಾಗುವುದು ಜೇನಿಗೆ. ಅದು ಹೇಗೆ ಎಂದು ತಿಳಿಯಬೇಕಾದರೆ ಪೆಟ್ಟಿಗೆಯ ಎಣಿಕೆ ಬಿಟ್ಟು, ಆ ಪೆಟ್ಟಿಗೆಯೊಳಗಿನ ರಕ್ತಸಂಬಂಧದ ಲೆಕ್ಕ ನೋಡಬೇಕು.

ಯಾವುದು ಈ ಜೇನು?

ಗದಗ–ಬೆಟಗೇರಿಯ ಹಳೆ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಕಲ್ಲು–ಮಣ್ಣಿನ ಗೋಡೆಯ ಮನೆಗಳು ಇನ್ನೂ ಇವೆ. ಅಂಥ ಗೋಡೆಯ ಸಂದಿಯಿಂದ ಕಂದು ಬಣ್ಣದ ಅಂಟಿನ ಒಂದು ಸಣ್ಣ ಕೊಳವೆ ಹೊರಚಾಚಿಕೊಂಡು, ಅದರ ಬಾಯಲ್ಲಿ ನುಸಿಯಂಥ ಕರಿ ಹುಳಗಳು ಓಡಾಡುತ್ತಿದ್ದರೆ ಅದೇ ಇದು. ನಸರಿ ಜೇನು, ಮಿಸರಿ ಜೇನು, ಮುಜಂಟಿ ಜೇನು ಎಂದು ಊರಿಗೊಂದು ಹೆಸರು. ಉದ್ದ ಸುಮಾರು 4 ಮಿಲಿಮೀಟರ್ ಮಾತ್ರ. ಕೊಂಡಿ ಇದೆ, ಆದರೆ ಸವೆದು ಹೋಗಿ ಕುಟುಕುವ ಶಕ್ತಿ ಉಳಿದಿಲ್ಲ. ಗೂಡಿಗೆ ಕೈ ಹಾಕಿದರೆ ಕೂದಲಿಗೆ, ಕಿವಿಗೆ, ರೆಪ್ಪೆಗೆ ಮುತ್ತಿಕೊಂಡು ಕಚ್ಚುತ್ತದೆ, ಅಷ್ಟೇ.

ಹೆಜ್ಜೇನು, ಕೋಲುಜೇನು, ತುಡುವೆ ಜೇನುಗಳಂತೆ ಇದು ಬರೀ ಮೇಣದ ಹಲ್ಲೆ ಕಟ್ಟುವುದಿಲ್ಲ. ಮೇಣಕ್ಕೆ ಮರದ ಅಂಟು ಬೆರೆಸಿ ಪುಟ್ಟ ಗಡಿಗೆಗಳನ್ನು ಮಾಡಿ ಅವುಗಳಲ್ಲಿ ತುಪ್ಪ, ಪರಾಗ ತುಂಬಿಡುತ್ತದೆ. ಒಂದು ಗೂಡಿನಿಂದ ವರ್ಷಕ್ಕೆ ಸಿಗುವ ತುಪ್ಪ ಸಾಮಾನ್ಯವಾಗಿ ಅರ್ಧ ಕೆ.ಜಿ. ಆಸುಪಾಸು. ಸಿಗುವುದು ಕಡಿಮೆಯಾದ್ದರಿಂದಲೇ ಬೆಲೆ ಹೆಚ್ಚು. ಬೆಲೆ ಹೆಚ್ಚಾದ್ದರಿಂದಲೇ ಗೂಡು ಕೀಳುವವರೂ ಹೆಚ್ಚು, ಪೆಟ್ಟಿಗೆ ಮಾರುವವರೂ ಹೆಚ್ಚು.

ಜಗತ್ತಿನ ಬಿಸಿ ಪ್ರದೇಶಗಳಲ್ಲಿ ಕುಟುಕದ ಜೇನುಗಳು 500ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮಲ್ಲಿ ಹೆಚ್ಚಾಗಿ ಹೇಳುವ ಹೆಸರು ಟೆಟ್ರಗೊನುಲಾ ಇರಿಡಿಪೆನ್ನಿಸ್. ಕಾಮನಬಿಲ್ಲಿನ ಬಣ್ಣ ಹೊಳೆಯುವ ರೆಕ್ಕೆಯದು ಎಂದು ಆ ಹೆಸರಿನ ಅರ್ಥ. 1854ರಲ್ಲಿ ಫ್ರೆಡೆರಿಕ್ ಸ್ಮಿತ್ ಎಂಬ ಕೀಟಶಾಸ್ತ್ರಜ್ಞ ಶ್ರೀಲಂಕಾದ ಮಾದರಿ ನೋಡಿ ಇದಕ್ಕೆ ಹೆಸರಿಟ್ಟರು. ನಮ್ಮ ಪಕ್ಕದ ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಆ ಊರಿನ ಪರಿಸರದಲ್ಲಿ ಈ ಜೇನು ಎಲ್ಲೆಲ್ಲಿ ಗೂಡು ಮಾಡುತ್ತದೆ, ಗೂಡಿನ ಒಳರಚನೆ ಹೇಗಿರುತ್ತದೆ ಎಂದು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ್ದಾರೆ.

"ಎಲ್ಲ ಒಂದೇ ಜೇನು" ಎನ್ನುವ ಮಾತು ನಿಜವೇ?

ನೋಡಲು ಒಂದೇ ಥರ ಇವೆ ಎನ್ನುವುದು ನಿಜ. ಎಲ್ಲವೂ ಒಂದೇ ಎನ್ನುವುದು ನಿಜವಲ್ಲ. ಬಹಳ ವರ್ಷ ಭಾರತದಲ್ಲಿ ಎಲ್ಲಿ ಕುಟುಕದ ಜೇನು ಕಂಡರೂ ಅದಕ್ಕೆ ಇರಿಡಿಪೆನ್ನಿಸ್ ಎಂದೇ ಬರೆಯುವುದು ವಾಡಿಕೆಯಾಗಿತ್ತು. 2013ರಲ್ಲಿ ಕ್ಲಾಸ್ ರಾಸ್ಮುಸೆನ್ ಎಂಬ ವಿಜ್ಞಾನಿ ಹಳೆಯ ಮಾದರಿಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಭಾರತ ಉಪಖಂಡದಲ್ಲಿ 8 ಪ್ರಭೇದಗಳಿವೆ ಎಂದು ಪಟ್ಟಿ ಮಾಡಿದರು. ಆಮೇಲೆ ದಕ್ಷಿಣ ಭಾರತದಿಂದ ಇನ್ನೂ ಕೆಲವು ಹೊಸ ಪ್ರಭೇದಗಳು ದಾಖಲಾದವು. ರೆಕ್ಕೆಯ ನರ, ಮೈಮೇಲಿನ ರೋಮ, ಗಂಡಿನ ಜನನಾಂಗದ ಆಕಾರ, ಜೊತೆಗೆ ಡಿಎನ್‌ಎ ತುಣುಕು, ಇವನ್ನೆಲ್ಲ ಹೋಲಿಸಿ ನೋಡಿದಾಗ ಬರಿಗಣ್ಣಿಗೆ ಒಂದೇ ಎನಿಸಿದ್ದು ಬೇರೆ ಬೇರೆ ಎಂದು ಗೊತ್ತಾಗುತ್ತದೆ.

ಇದು ಪಂಡಿತರ ಜಗಳವಲ್ಲ, ನಮಗೂ ಬೇಕಾದ ಮಾತು. ದೂರದ ಊರಿನಿಂದ ಪೆಟ್ಟಿಗೆ ತರಿಸುವವರು, ತಾವು ತಂದದ್ದು ನಮ್ಮ ಓಣಿಯ ಗೋಡೆಯಲ್ಲಿರುವ ಜೇನೇ ಎಂದು ಬರಿಗಣ್ಣಿನಿಂದ ಹೇಳಲಾರರು.

ಜೇನಿನ ಲೋಕದಲ್ಲಿ ಗಂಡು ಹುಟ್ಟುವ ವಿಚಿತ್ರ ಲೆಕ್ಕ

ತಳಿ ವೈವಿಧ್ಯ ಎಂದರೆ ಒಂದೇ ಪ್ರಭೇದದ ಜೀವಿಗಳೊಳಗೆ ವಂಶವಾಹಿಗಳಲ್ಲಿರುವ ವ್ಯತ್ಯಾಸ. ಜೋಳದಲ್ಲಿ ಹಲವು ತಳಿಗಳಿದ್ದರೆ ಒಂದು ಬರಕ್ಕೆ, ಒಂದು ರೋಗಕ್ಕೆ, ಒಂದು ಕೀಟಕ್ಕೆ ತಡೆದು ನಿಲ್ಲುತ್ತದೆ ಎಂದು ರೈತರಿಗೆ ಹೇಳಿಕೊಡಬೇಕಿಲ್ಲ. ಎಲ್ಲ ಜೀವಿಗಳಿಗೂ ಇದು ಬೇಕು. ಆದರೆ ಜೇನಿಗೆ ಇದು ಇನ್ನೊಂದು ಕಾರಣಕ್ಕೂ ಬೇಕು: ಹೆಣ್ಣು ಸಂತಾನ ಹುಟ್ಟುವುದೇ ಈ ವ್ಯತ್ಯಾಸದ ಮೇಲೆ ನಿಂತಿದೆ.

ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಎಕ್ಸ್ ಮತ್ತು ವೈ ವರ್ಣತಂತುಗಳು. ಜೇನಿನಲ್ಲಿ ಹಾಗಲ್ಲ. ರಾಣಿ ಇಟ್ಟ ಮೊಟ್ಟೆಗೆ ಗಂಡಿನ ವೀರ್ಯ ಸೇರದಿದ್ದರೆ ಅದು ಗಂಡಾಗುತ್ತದೆ. ವೀರ್ಯ ಸೇರಿದರೆ ಹೆಣ್ಣಾಗುತ್ತದೆ, ಅಂದರೆ ಕೆಲಸಗಾರ ಜೇನು ಅಥವಾ ಹೊಸ ರಾಣಿ. ಆದರೆ ಇಲ್ಲೊಂದು ಷರತ್ತಿದೆ. ಲಿಂಗ ನಿರ್ಧರಿಸುವ ಒಂದು ವಂಶವಾಹಿ ಇದೆ, ಅದರಲ್ಲಿ ಹಲವು ನಮೂನೆಗಳಿವೆ. ತಾಯಿಯಿಂದ ಬಂದ ನಮೂನೆ, ತಂದೆಯಿಂದ ಬಂದ ನಮೂನೆ ಬೇರೆ ಬೇರೆಯಾಗಿದ್ದರೆ ಮಾತ್ರ ಮರಿ ಹೆಣ್ಣಾಗುತ್ತದೆ. ಎರಡೂ ಒಂದೇ ಆಗಿಬಿಟ್ಟರೆ, ವೀರ್ಯ ಸೇರಿದ್ದರೂ ಅದು ಗಂಡಾಗಿಯೇ ಹುಟ್ಟುತ್ತದೆ.

ಹೀಗೆ ಹುಟ್ಟಿದ ಗಂಡಿನಿಂದ ಗೂಡಿಗೆ ಉಪಯೋಗವಿಲ್ಲ. ಅದು ಪರಾಗ ತರುವುದಿಲ್ಲ, ಗೂಡು ಕಟ್ಟುವುದಿಲ್ಲ, ಸಾಮಾನ್ಯವಾಗಿ ಸಂತಾನಕ್ಕೂ ಬರುವುದಿಲ್ಲ. ಕೆಲಸಗಾರ ಹುಟ್ಟಬೇಕಾದ ಕೋಣೆಯಲ್ಲಿ ತಿಂದು ಕೂರುವ ಒಬ್ಬ ಹುಟ್ಟಿದಂತೆ.

ಒಂದು ಉದಾಹರಣೆ ನೋಡಿ. ರಾಣಿಯಲ್ಲಿ ಕೆಂಪು ಮತ್ತು ಹಸಿರು ಎಂಬ ಎರಡು ನಮೂನೆಗಳಿವೆ ಎಂದುಕೊಳ್ಳಿ. ಅವಳು ಕೂಡಿದ ಗಂಡಿನಲ್ಲಿ ಹಳದಿ ಇದ್ದರೆ ಎಲ್ಲ ಮಕ್ಕಳೂ ಹೆಣ್ಣು, ಗೂಡು ತುಂಬ ಕೆಲಸಗಾರರು. ಗಂಡಿನಲ್ಲೂ ಕೆಂಪೇ ಇದ್ದರೆ ಅರ್ಧದಷ್ಟು ಮೊಟ್ಟೆಗಳಲ್ಲಿ ಕೆಂಪು–ಕೆಂಪು ಸೇರುತ್ತದೆ. ಅಂದರೆ ಗೂಡಿನ ದುಡಿಯುವ ಕೈ ಅರ್ಧಕ್ಕೆ ಇಳಿಯುತ್ತದೆ.

ತುಡುವೆ ಜೇನಿನ ರಾಣಿ ಹತ್ತಾರು ಗಂಡುಗಳ ಜೊತೆ ಕೂಡುತ್ತದೆ. ಒಬ್ಬನದು ತಾಳೆಯಾಗದಿದ್ದರೆ ಉಳಿದವರಿಂದ ನಷ್ಟ ತುಂಬುತ್ತದೆ. ಕುಟುಕದ ಜೇನಿನ ರಾಣಿ ಸಾಮಾನ್ಯವಾಗಿ ಜೀವನದಲ್ಲಿ ಕೂಡುವುದು ಒಂದೇ ಗಂಡಿನ ಜೊತೆ. ಬಿದ್ದರೆ ಪೂರಾ ಬೀಳುವ ಜೂಜು ಇದು. ಕೆಲವು ಪ್ರಭೇದಗಳಲ್ಲಿ ಇಂಥ ನಿರುಪಯೋಗಿ ಗಂಡುಗಳು ಹುಟ್ಟತೊಡಗಿದರೆ ಕೆಲಸಗಾರ ಜೇನುಗಳೇ ಆ ರಾಣಿಯನ್ನು ಕೊಂದುಬಿಡುತ್ತವೆ.

ಹಾಗಾದರೆ ಅಪಾಯ ಎಷ್ಟು? ಒಂದು ಸೀಮೆಯ ಜೇನುಗಳಲ್ಲಿ ಈ ವಂಶವಾಹಿಯ 20 ನಮೂನೆಗಳು ಸಮವಾಗಿ ಹಂಚಿಕೊಂಡಿದ್ದರೆ, ಹೊಸ ರಾಣಿಗೆ ತಾಳೆಯಾಗದ ಗಂಡು ಸಿಗುವ ಸಾಧ್ಯತೆ 20ರಲ್ಲಿ 2, ಅಂದರೆ ಶೇ. 10. ನಮೂನೆಗಳು 6ಕ್ಕೆ ಇಳಿದರೆ ಅದು ಶೇ. 33. ನಾಲ್ಕಕ್ಕೆ ಇಳಿದರೆ ಶೇ. 50. ಹೊರಗಿನಿಂದ ನೋಡುವವರಿಗೆ ಗೂಡುಗಳು ಇದ್ದ ಹಾಗೆಯೇ ಕಾಣುತ್ತವೆ. ಒಳಗೆ ಎರಡರಲ್ಲೊಂದು ಹೊಸ ಗೂಡು ಹುಟ್ಟುವಾಗಲೇ ಸೋತಿರುತ್ತದೆ.

44 ಗೂಡುಗಳ ಸೂತ್ರ ಮತ್ತು ಅದರ ತಿದ್ದುಪಡಿ

ಈ ಲೆಕ್ಕವನ್ನು ಗಟ್ಟಿಯಾಗಿ ಮುಂದಿಟ್ಟವರು ಬ್ರೆಜಿಲ್‌ನ ತಳಿವಿಜ್ಞಾನಿ ವಾರ್ವಿಕ್ ಕೆರ್. 1982ರಲ್ಲಿ ಅವರು ಮತ್ತು ವೆಂಕೊವ್ಸ್ಕಿ ಸೇರಿ, ಕನಿಷ್ಠ 6 ನಮೂನೆಗಳು ಉಳಿಯಬೇಕಾದರೆ ಒಂದು ಜಾಗದಲ್ಲಿ ಪರಸ್ಪರ ಕೂಡಬಲ್ಲ 44 ಗೂಡುಗಳಾದರೂ ಇರಬೇಕು ಎಂದು ಲೆಕ್ಕ ಹಾಕಿದರು. ಕುಟುಕದ ಜೇನು ಸಾಕುವವರ ಮಧ್ಯೆ ಈ 44 ಎಂಬ ಸಂಖ್ಯೆ ಬಹಳ ಪ್ರಸಿದ್ಧ.

ಆದರೆ ಇದನ್ನೂ ಕಣ್ಣುಮುಚ್ಚಿ ಫಾರ್ವರ್ಡ್ ಮಾಡಬಾರದು. ಬ್ರೆಜಿಲ್‌ನಲ್ಲೇ ಮೆಲಿಪೋನಾ ಸ್ಕುಟೆಲ್ಲಾರಿಸ್ ಎಂಬ ಜೇನಿನ ಕೇವಲ 2 ಗೂಡುಗಳಿಂದ ಬೆಳೆಸಿದ ಸಮೂಹವೊಂದು 10 ವರ್ಷಕ್ಕೂ ಮಿಕ್ಕಿ ಬದುಕಿ ಉಳಿಯಿತು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲೂ ನಿರುಪಯೋಗಿ ಗಂಡುಗಳು ಹುಟ್ಟುತ್ತಿದ್ದವು. ಆದರೆ ಸಾಕುವವರು ಗೂಡುಗಳನ್ನು ಮತ್ತೆ ಮತ್ತೆ ಪಾಲು ಮಾಡಿ ಹೆಚ್ಚಿಸುತ್ತಿದ್ದದ್ದರಿಂದ ನಷ್ಟ ತುಂಬುತ್ತಿತ್ತು.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಪಾಠ ಹೀಗಿದೆ: 44ಕ್ಕಿಂತ ಕಡಿಮೆಯಾದರೆ ಎಲ್ಲ ಮುಗಿಯಿತು ಎಂದಲ್ಲ. ಆದರೆ ಗೂಡು ಕಡಿಮೆಯಾದಷ್ಟೂ ಜೇನು ತನ್ನ ಕಾಲ ಮೇಲೆ ತಾನು ನಿಲ್ಲುವ ಶಕ್ತಿ ಕಳೆದುಕೊಳ್ಳುತ್ತದೆ, ಮನುಷ್ಯನ ಕೈಯ ಆಸರೆ ಬೇಕಾಗುತ್ತದೆ. ಪೆಟ್ಟಿಗೆಯಲ್ಲಿರುವ ಜೇನಿಗೆ ಆ ಕೈ ಸಿಗಬಹುದು. ಗೋಡೆಯ ಸಂದಿಯ, ಮರದ ಪೊಟರೆಯ ಜೇನಿಗೆ ಯಾರು ಕೊಡುತ್ತಾರೆ?

ಹಾರಿಹೋಗಲು ಬಾರದ ಜೇನು

"ಗೋಡೆ ಕೆಡವಿದರೇನಾಯಿತು, ಜೇನು ಬೇರೆ ಕಡೆ ಹೋಗಿ ಕಟ್ಟಿಕೊಳ್ಳುತ್ತದೆ" ಎನ್ನುವವರು ಬಹಳ. ಹೆಜ್ಜೇನಿನ ವಿಷಯದಲ್ಲಿ ಈ ಮಾತು ಸರಿ. ಅದು ಹಲ್ಲೆ ಬಿಟ್ಟು ಮೈಲಿಗಟ್ಟಲೆ ವಲಸೆ ಹೋಗುತ್ತದೆ. ನಸರಿ ಜೇನಿನ ವಿಷಯದಲ್ಲಿ ಇದು ತಪ್ಪು.

ಮೊಟ್ಟೆ ಇಡಲು ಶುರು ಮಾಡಿದ ಕುಟುಕದ ಜೇನಿನ ರಾಣಿಯ ಹೊಟ್ಟೆ ಊದಿಕೊಂಡು ಅದು ಮತ್ತೆ ಹಾರಲಾರದು. ಹಾಗಾಗಿ ಹಳೆ ರಾಣಿ ಗೂಡು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಹೊಸ ಮನೆ ಕಟ್ಟುವುದು ಮಗಳು. ಅದೂ ಒಂದೇ ದಿನದ ಕೆಲಸವಲ್ಲ. ಮೊದಲು ಕೆಲಸಗಾರ ಜೇನುಗಳು ಹತ್ತಿರದ ಸಂದಿಯೊಂದನ್ನು ಹುಡುಕಿ, ತವರಿನ ಗೂಡಿನಿಂದಲೇ ಮೇಣ, ಅಂಟು, ತುಪ್ಪ ಹೊತ್ತು ತಂದು ದಿನಗಟ್ಟಲೆ ಮನೆ ಸಜ್ಜು ಮಾಡುತ್ತವೆ. ಆಮೇಲೆ ಹೊಸ ರಾಣಿ ಬರುತ್ತಾಳೆ. ನಂತರವೂ ಕೆಲ ಕಾಲ ತವರಿನಿಂದ ಬುತ್ತಿ ಬರುತ್ತಲೇ ಇರುತ್ತದೆ. ಹೀಗಾಗಿ ಹೊಸ ಮನೆ ತವರಿನಿಂದ ಕೆಲವು ನೂರು ಮೀಟರ್ ಒಳಗೇ ಇರಬೇಕಾಗುತ್ತದೆ. ಇಷ್ಟು ಸಣ್ಣ ಜೇನು ಮೇವಿಗೆ ಹಾರುವುದೂ ಸುಮಾರು ಅರ್ಧ ಕಿಲೋಮೀಟರ್ ಆಸುಪಾಸಿನಲ್ಲೇ.

ಇದರ ಅರ್ಥ, ನಸರಿ ಜೇನು ಊರಿಂದೂರಿಗೆ ಜಿಗಿಯುವುದಿಲ್ಲ, ಓಣಿಯಿಂದ ಓಣಿಗೆ, ಬದುವಿನಿಂದ ಬದುವಿಗೆ ಹೆಜ್ಜೆ ಹೆಜ್ಜೆಯಾಗಿ ಹರಡುತ್ತದೆ. ಗಂಡು ಜೇನುಗಳು ಸ್ವಲ್ಪ ದೂರ ಹೋಗಿ ಬೇರೆ ಗೂಡುಗಳ ಮುಂದೆ ಗುಂಪು ಸೇರುತ್ತವೆ. ಇಂಥ ಗುಂಪಿನಲ್ಲಿ ಹಲವು ಗೂಡುಗಳ ಗಂಡುಗಳು ಬೆರೆತಿರುತ್ತವೆ ಎಂದು ಆಸ್ಟ್ರೇಲಿಯಾದ ಟೆಟ್ರಗೊನುಲಾ ಜೇನುಗಳ ಡಿಎನ್‌ಎ ಪರೀಕ್ಷೆ ತೋರಿಸಿದೆ. ರಕ್ತ ಬದಲಾಗುವ ದಾರಿ ಇದೊಂದೇ. ಮಧ್ಯದ ಗೂಡುಗಳು ಮಾಯವಾದರೆ ಆ ದಾರಿ ಕಡಿದುಹೋಗುತ್ತದೆ. ಆಮೇಲೆ ಇರುವ ನಾಲ್ಕು ಗೂಡುಗಳ ಒಳಗೊಳಗೇ ಸಂಬಂಧ, ಮತ್ತೆ ಅದೇ ಕೆಂಪು–ಕೆಂಪು ಲೆಕ್ಕ.

ಗದಗ ಸೀಮೆಯಲ್ಲಿ ಇದನ್ನು ಹೇಗೆ ನೋಡಬೇಕು?

ಜಿಲ್ಲೆಯ ನೆಲವನ್ನು ಜೇನಿನ ಕಣ್ಣಿನಿಂದ ನೋಡೋಣ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿಕೊಂಡ ಕಪ್ಪತಗುಡ್ಡ ನಡುವಿನ ದೊಡ್ಡ ಆಸರೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು, 2016ರಲ್ಲಿ ಅದನ್ನು ಹಿಂಪಡೆಯಲಾಯಿತು, ಜನರ ಹೋರಾಟದ ನಂತರ 2017ರಲ್ಲಿ ಮರಳಿ ಸಿಕ್ಕಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಗುಡ್ಡದ ಕುರುಚಲು ಕಾಡು, ಬಂಡೆಯ ಸಂದು, ಹಳೆ ಮರದ ಪೊಟರೆ, ಮಳೆ ನಿಂತ ಮೇಲೆ ಅರಳುವ ಸಣ್ಣ ಹೂಗಳು, ಇವೆಲ್ಲ ಸಣ್ಣ ಜೇನಿಗೆ ಬೇಕಾದ ಸರಕು.

ಗುಡ್ಡದಿಂದ ಇಳಿದರೆ ಎರೆಹೊಲ, ಮಸಾರಿ ಹೊಲ. ಹೆಸರು, ಶೇಂಗಾ, ಉಳ್ಳಾಗಡ್ಡಿ, ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಸೂರ್ಯಕಾಂತಿ. ಬಿತ್ತನೆಗೂ ಬೆಳೆ ಹೂ ಬಿಡುವುದಕ್ಕೂ ಮಧ್ಯೆ, ಕೊಯ್ಲು ಮುಗಿದ ಬೇಸಿಗೆಯಲ್ಲಿ, ಹೊಲದಲ್ಲಿ ಜೇನಿಗೆ ಏನೂ ಇಲ್ಲ. ಆಗ ಹೊಟ್ಟೆಗೆ ಆಧಾರ ಬದುವಿನ ಬೇವು, ಜಾಲಿ, ಬಾರಿ, ಹುಣಸೆ ಮತ್ತು ಹಿತ್ತಲಿನ ನುಗ್ಗೆ, ತುಳಸಿ. ಬದುವಿನ ಮರ ಕಡಿದರೆ ಹೋಗುವುದು ಒಂದು ಮರ ಮಾತ್ರವಲ್ಲ, ಗುಡ್ಡದ ಗೂಡಿಗೂ ಊರಿನ ಗೂಡಿಗೂ ಮಧ್ಯದ ಮೆಟ್ಟಿಲು ಹೋಗುತ್ತದೆ.

ಇನ್ನು ಊರೊಳಗೆ. ಕಲ್ಲು–ಮಣ್ಣಿನ ದಪ್ಪ ಗೋಡೆ, ಮಾಳಿಗೆ ಮನೆ, ಹಾಳುಬಿದ್ದ ವಾಡೆ, ಹಳೆ ಗುಡಿಯ ಕಲ್ಲಿನ ಸಂದು, ಇವೇ ನಸರಿ ಜೇನಿಗೆ ಮರದ ಪೊಟರೆಯ ಬದಲಿಗೆ ಸಿಕ್ಕ ಮನೆಗಳು. ಗದಗದ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರದಂಥ ಕಲ್ಲುಗುಡಿಗಳ ಸೀಮೆ ಇದು. ಈಗ ಹಳೆ ಗೋಡೆ ಉರುಳಿಸಿ ಸಿಮೆಂಟ್ ಇಟ್ಟಿಗೆಯ ಮನೆ ಏಳುತ್ತದೆ, ಹಳೆ ಕಟ್ಟಡ ದುರಸ್ತಿ ಮಾಡುವಾಗ ಸಂದುಗಳಿಗೆ ಸಿಮೆಂಟ್ ತುಂಬುತ್ತಾರೆ. ಜನರಿಗೆ ಭದ್ರವಾದ ಮನೆ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಗೋಡೆ ಬಿದ್ದಾಗ ಹಾರಲಾರದ ರಾಣಿಯೊಂದು ಮಣ್ಣಲ್ಲಿ ಮುಚ್ಚಿಹೋಗುತ್ತದೆ, ಅವಳ ಜೊತೆಗೆ ಆ ಓಣಿಯ ಎರಡು ಮೂರು ನಮೂನೆಗಳೂ ಹೋಗಬಹುದು ಎಂಬ ಲೆಕ್ಕ ಯಾರೂ ಹಾಕುವುದಿಲ್ಲ.

ಹೊರಗಿನಿಂದ ಹೊಸ ರಕ್ತ ತಂದರೆ ಆಗದೇ?

ಸಹಜ ಪ್ರಶ್ನೆ. ವೈವಿಧ್ಯ ಕಡಿಮೆಯಾದರೆ ದೂರದಿಂದ ಪೆಟ್ಟಿಗೆ ತಂದು ಹೆಚ್ಚಿಸಬಹುದಲ್ಲ? ಕಾಗದದ ಮೇಲೆ ಹೌದು. ನೆಲದ ಮೇಲೆ ಮೂರು ತೊಡಕುಗಳಿವೆ.

ಮೊದಲನೆಯದು, ತಂದದ್ದು ಅದೇ ಪ್ರಭೇದವಲ್ಲದಿದ್ದರೆ ರಕ್ತ ಬೆರೆಯುವುದೇ ಇಲ್ಲ, ಜಾಗ ಮತ್ತು ಹೂವಿಗಾಗಿ ಪೈಪೋಟಿ ಮಾತ್ರ. ಆಸ್ಟ್ರೇಲಿಯಾದಲ್ಲಿ ಒಂದು ಕುಟುಕದ ಜೇನು ಇನ್ನೊಂದು ಪ್ರಭೇದದ ಗೂಡಿಗೆ ದಾಳಿ ಮಾಡಿ, ಕಾದಾಡಿ, ತನ್ನ ರಾಣಿಯನ್ನು ಅಲ್ಲಿ ಕೂರಿಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಎರಡನೆಯದು, ಹವೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಆಸುಪಾಸು. ಪೆಟ್ಟಿಗೆ ಉದ್ಯಮ ಜೋರಾಗಿರುವ ಕೇರಳದಲ್ಲಿ ಅದು 3,000 ಮಿಲಿಮೀಟರ್ ಆಸುಪಾಸು. ಇಲ್ಲಿನ ಗೂಡುಗಳು ತಲೆತಲಾಂತರದಿಂದ ಬರ, ಬಿಸಿಲು ಕಂಡು ಉಳಿದವು. ಬೇರೆ ಹವೆಯಿಂದ ಬಂದ ಪೆಟ್ಟಿಗೆ ಮೊದಲ ಬೇಸಿಗೆಯಲ್ಲೇ ಸೊರಗಿದರೆ ಅಚ್ಚರಿಪಡಬೇಕಿಲ್ಲ.

ಮೂರನೆಯದು, ರೋಗ. ಇದಕ್ಕೆ ಕರ್ನಾಟಕ ದೊಡ್ಡ ಬೆಲೆ ಕೊಟ್ಟಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಕೊಡಗು, ಮಲೆನಾಡು, ಕರಾವಳಿಯ ಜೇನು ಸಾಕಣೆ ನೆಲಕಚ್ಚಿತು. ದಕ್ಷಿಣದ ಶೇ. 90ಕ್ಕೂ ಹೆಚ್ಚು ತುಡುವೆ ಕುಟುಂಬಗಳು ನಾಶವಾದವು. ಆದರೂ ತುಡುವೆ ಜೇನು ನಿರ್ನಾಮವಾಗಲಿಲ್ಲ. ರೋಗ ತಾಳಿಕೊಂಡ ಕೆಲವು ಕುಟುಂಬಗಳು ಉಳಿದವು, ಅವುಗಳಿಂದಲೇ ಸಂತತಿ ಮತ್ತೆ ಬೆಳೆಯಿತು. ಎಲ್ಲ ಕುಟುಂಬಗಳೂ ಒಂದೇ ತಾಯಿಯ ಮಕ್ಕಳಾಗಿದ್ದರೆ ಆ ಕೆಲವು ಉಳಿಯುತ್ತಿರಲಿಲ್ಲ. ತಳಿ ವೈವಿಧ್ಯ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತುಪ್ಪದ ಬಗ್ಗೆ ಬರುವ ಫಾರ್ವರ್ಡ್‌ಗಳು

ನಸರಿ ಜೇನಿನ ಗೂಡುಗಳ ಮೇಲೆ ಕೈ ಬೀಳುತ್ತಿರುವುದು ಇದರ ತುಪ್ಪ ಔಷಧಿ ಎಂಬ ಪ್ರಚಾರದಿಂದ. ಹಾಗಾಗಿ ಅದನ್ನೂ ನೋಡಬೇಕು.

2020ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕುಟುಕದ ಜೇನಿನ ತುಪ್ಪದಲ್ಲಿ ಟ್ರೆಹಾಲುಲೋಸ್ ಎಂಬ ಸಕ್ಕರೆ ಹೆಚ್ಚಿರುವುದನ್ನು ಕಂಡರು. ಇದು ರಕ್ತಕ್ಕೆ ನಿಧಾನವಾಗಿ ಸೇರುವ ಸಕ್ಕರೆ. ಈ ಸುದ್ದಿಯೇ ಬೆಳೆದು ಸಕ್ಕರೆ ಕಾಯಿಲೆಗೆ ಮದ್ದು ಎಂದಾಯಿತು. ಆದರೆ ಅವರು ಪರೀಕ್ಷಿಸಿದ್ದು ಆಸ್ಟ್ರೇಲಿಯಾ, ಮಲೇಷ್ಯಾ, ಬ್ರೆಜಿಲ್‌ನ ತುಪ್ಪಗಳನ್ನು. ಅಲ್ಲದೆ ಈ ತುಪ್ಪದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸಹ ಇರುತ್ತವೆ. ಮಧುಮೇಹಿಗಳು ಇದನ್ನು ಮಾತ್ರೆಯ ಬದಲಿಗೆ ತಿನ್ನುವುದು ಅಪಾಯ.

ಈ ತುಪ್ಪ ನೀರಾಗಿದೆ, ಹುಳಿಯಿದೆ, ಆದ್ದರಿಂದ ಕಲಬೆರಕೆ ಎನ್ನುವುದೂ ತಪ್ಪು. ಸಾಮಾನ್ಯ ಜೇನುತುಪ್ಪದಲ್ಲಿ ನೀರಿನಂಶ ಶೇ. 20 ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಕುಟುಕದ ಜೇನಿನ ತುಪ್ಪದಲ್ಲಿ ಸಹಜವಾಗಿಯೇ ಅದಕ್ಕಿಂತ ಹೆಚ್ಚು ನೀರಿರುತ್ತದೆ, ಬೇಗ ಹುಳಿಯುತ್ತದೆ. ಮತ್ತೊಂದು ಮಾತು: ಯಾವ ಜೇನಿನ ತುಪ್ಪವೇ ಆಗಲಿ, 1 ವರ್ಷದೊಳಗಿನ ಕೂಸಿಗೆ ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಕೂಸಿನ ಜೀವಕ್ಕೇ ಕುತ್ತಾಗಬಹುದು.

ಮತ್ತೆ ಆ ನಾಲ್ಕು ವರ್ಷದ ಮಾತು?

ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಈ ಮಾತು ಅವರ ಹೆಸರಿನಲ್ಲಿ ಪ್ರಚಾರಕ್ಕೆ ಬಂದದ್ದು 1994ರಲ್ಲಿ, ಯುರೋಪಿನ ಜೇನು ಸಾಕಣೆದಾರರ ಪ್ರತಿಭಟನೆಯ ಹೊತ್ತಿನಲ್ಲಿ. ಜೋಳ, ಗೋಧಿ, ಅಕ್ಕಿಯ ಕಾಳು ಕಟ್ಟುವುದಕ್ಕೆ ಜೇನು ಬೇಕಿಲ್ಲ, ಗಾಳಿ ಅಥವಾ ಸ್ವಂತ ಪರಾಗ ಸಾಕು. ರೊಟ್ಟಿ ನಿಲ್ಲುವುದಿಲ್ಲ. ಆದರೆ ರೊಟ್ಟಿಯ ಜೊತೆಗಿನದು ಸೊರಗುತ್ತದೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗೆ ಕೀಟ, ಹಕ್ಕಿ, ಬಾವಲಿಯಂಥ ಪ್ರಾಣಿಗಳ ಪರಾಗಸ್ಪರ್ಶದಿಂದ ಸ್ವಲ್ಪವಾದರೂ ಲಾಭವಿದೆ ಎಂದು 2007ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಮ್ಮ ಸೀಮೆಯಲ್ಲೇ ನೋಡಿ, ಉಳ್ಳಾಗಡ್ಡಿಯ ಬೀಜ ಕಟ್ಟಬೇಕಾದರೆ, ಸೂರ್ಯಕಾಂತಿಯ ತೆನೆ ತುಂಬಬೇಕಾದರೆ, ಸೌತೆ, ಹೀರೆ, ಕುಂಬಳ ಕಾಯಿ ಬಿಡಬೇಕಾದರೆ ಹೂವಿನಿಂದ ಹೂವಿಗೆ ಹೋಗುವ ಹುಳ ಬೇಕು.

ನಾವು ಮಾಡಬಹುದಾದದ್ದು

ಗೋಡೆ ಕೆಡವುವ ಮೊದಲು ಒಂದು ಸುತ್ತು ನೋಡಿ. ಅಂಟಿನ ಕೊಳವೆ ಕಂಡರೆ ಆ ಭಾಗವನ್ನು ಕೊನೆಗೆ ಉಳಿಸಿ, ಜೇನು ಸಾಕಿ ಅನುಭವವಿರುವವರನ್ನು ಕರೆಯಿರಿ. ರಾಣಿ, ಮರಿಗಳ ಗೊಂಚಲು, ಕೆಲವು ಗಡಿಗೆಗಳನ್ನು ಜೋಪಾನವಾಗಿ ಮರದ ಪೆಟ್ಟಿಗೆಗೆ ಅಥವಾ ಮಣ್ಣಿನ ಮಡಕೆಗೆ ದಾಟಿಸಿ, ಅದೇ ಜಾಗದಲ್ಲಿ ಇಟ್ಟರೆ ಹೊರಗೆ ಹೋದ ಜೇನುಗಳೂ ಮರಳಿ ಸೇರುತ್ತವೆ. ತುಪ್ಪದ ಆಸೆಗೆ ಒಳ್ಳೆಯ ಗೋಡೆ, ಬದುಕಿರುವ ಮರ ಒಡೆಯುವುದು ಬೇಡ. ವನ್ಯಜೀವಿಧಾಮದ ಒಳಗಿಂದ ಅನುಮತಿಯಿಲ್ಲದೆ ಏನನ್ನೂ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಸಾಕುವ ಆಸೆ ಇದ್ದರೆ ಸುತ್ತಲ ಊರಿನ, ಹೀಗೆ ಕೆಡವುವ ಗೋಡೆಯಿಂದ ಉಳಿಸಿದ ಗೂಡಿನಿಂದಲೇ ಶುರು ಮಾಡಿ. ಒಂದೇ ತಾಯಿ ಪೆಟ್ಟಿಗೆಯನ್ನು ಹತ್ತು ಮಾಡಿದರೆ ಎಣಿಕೆ ಹತ್ತಾಗುತ್ತದೆ, ಕುಲ ಒಂದೇ ಉಳಿಯುತ್ತದೆ. ಪಾಲು ಮಾಡಿದ ಗೂಡಿನ ಹೊಸ ರಾಣಿ ಕೂಡುವುದು ಸುತ್ತಲಿನ ಗಂಡುಗಳ ಜೊತೆ. ಆದ್ದರಿಂದ ನಿಮ್ಮ ಪೆಟ್ಟಿಗೆ ಆರೋಗ್ಯವಾಗಿರಬೇಕಾದರೆ ನೆರೆಮನೆಯ ಗೋಡೆಯ ಗೂಡೂ ಬದುಕಿರಬೇಕು. ಒಂದೇ ಸೀಮೆಯ ಸಾಕುವವರು ತಮ್ಮ ತಮ್ಮೊಳಗೆ ಪೆಟ್ಟಿಗೆ ಅದಲು ಬದಲು ಮಾಡಿಕೊಳ್ಳುವುದು ಒಳ್ಳೆಯದು.

ಬೆಳೆ ಹೂ ಬಿಟ್ಟಾಗ ಕೀಟನಾಶಕ ಹೊಡೆಯುವುದನ್ನು ಆದಷ್ಟು ತಪ್ಪಿಸಿ. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಹೊತ್ತು ಮುಳುಗಿದ ನಂತರ ಹೊಡೆಯಿರಿ. ಬದುವಿನ ಹಳೆ ಮರ ಉಳಿಸಿ.

ಗ್ರಾಮ ಪಂಚಾಯಿತಿಗಳಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಪುಸ್ತಕವೂ ಇರಬೇಕು. ನಿಮ್ಮೂರಿನ ನಸರಿ ಗೂಡುಗಳು ಯಾವ ಓಣಿಯಲ್ಲಿ, ಯಾವ ಗುಡಿಯಲ್ಲಿ, ಯಾವ ಮರದಲ್ಲಿ ಇವೆ ಎಂದು ಅದರಲ್ಲಿ ಬರೆಸಿ. ಶಾಲೆಯ ಮಕ್ಕಳಿಗೆ ಒಂದು ಭಾನುವಾರದ ಕೆಲಸ ಇದು.

ಕೊನೆಯ ಮಾತು

ಪೆಟ್ಟಿಗೆ ಸಾಕುವುದು ಒಳ್ಳೆಯದು, ಆದರೆ ಅದೊಂದೇ ಸಂರಕ್ಷಣೆ ಅಲ್ಲ. ಜೇನು ಉಳಿಯುವುದು ಬೇರೆ ಬೇರೆ ತಾಯಂದಿರ ಗೂಡುಗಳು ಒಂದಕ್ಕೊಂದು ಹತ್ತಿರ ಇದ್ದಾಗ. ಮುಂದಿನ ಸಲ ಜೇನು ಉಳಿಸಿ ಎಂಬ ಸಂದೇಶ ಬಂದರೆ ಫಾರ್ವರ್ಡ್ ಒತ್ತುವ ಮೊದಲು ನಿಮ್ಮ ಮನೆಯ ಹಿತ್ತಲ ಗೋಡೆ ಒಮ್ಮೆ ನೋಡಿ ಬನ್ನಿ. ಅಲ್ಲಿ ಒಂದು ಅಂಟಿನ ಕೊಳವೆ ಕಂಡರೆ ಅದರ ಫೋಟೊ ತೆಗೆದು, ಊರಿನ ಹೆಸರು ಬರೆದು ನಿಮ್ಮ ಗುಂಪಿಗೆ ಕಳುಹಿಸಿ. ಪಕ್ಕದ ಮನೆಯವರು ತಮ್ಮ ಗೋಡೆ ಕೆಡವುವ ಮೊದಲು ಒಮ್ಮೆ ನೋಡಿದರೂ ಸಾಕು, ಆ ಫಾರ್ವರ್ಡ್ ಸಾರ್ಥಕ.